ನದಿದಂಡೆಯ ದೃಶ್ಯವನ್ನು ಇಂಪ್ರೆಷನಿಸ್ಟ್ ಶೈಲಿಯಲ್ಲಿ ಬಿಡಿಸುವುದು: ಸಮಗ್ರ ಮಾರ್ಗದರ್ಶಿ

1869ರ ಬೇಸಿಗೆಯಲ್ಲಿ ಫ್ರಾನ್ಸಿನ ಚಿತ್ರಕಾರರಾದ ಕ್ಲೋದ್ ಮೊನೆ ಮತ್ತು ಪಿಯರ್-ಒಗುಸ್ತ್ ರೆನ್ವಾರ್ ಇಬ್ಬರೂ ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಸೇನ್ ನದಿಯ ದಂಡೆಯಲ್ಲಿ, ಲಾ ಗ್ರೆನುಯೇರ್ ಎಂಬ ಈಜು ಮತ್ತು ದೋಣಿವಿಹಾರದ ತಾಣದಲ್ಲಿ, ಜೊತೆಯಾಗಿ ಕುಳಿತು ಒಂದೇ ದೃಶ್ಯವನ್ನು ಬಿಡಿಸಿದರು. ಅಲುಗಾಡುವ ನೀರನ್ನು ನಯವಾಗಿ ತೀಡದೆ, ಒಂದಕ್ಕೊಂದು ಬೆರೆಯದ ಅಡ್ಡಡ್ಡ ಬಣ್ಣದ ಪಟ್ಟಿಗಳಲ್ಲಿ ಹಿಡಿಯುವ ಕ್ರಮವು ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಐದು ವರ್ಷಗಳ ನಂತರ, 1874ರಲ್ಲಿ, ಇಂಪ್ರೆಷನಿಸ್ಟರೆಂದು ಹೆಸರಾದ ಇವರ ಬಳಗವು ಪ್ಯಾರಿಸ್ಸಿನಲ್ಲಿ ತನ್ನ ಮೊದಲ ಪ್ರದರ್ಶನವನ್ನು ಏರ್ಪಡಿಸಿತು. ಅಷ್ಟರಲ್ಲಿ ಮೊನೆ ಆರ್ಜೆಂತೈ ಊರಿನಲ್ಲಿ ನೆಲೆಸಿ, ದೋಣಿಯೊಂದನ್ನೇ ಚಿತ್ರಶಾಲೆಯಾಗಿ ಮಾಡಿಕೊಂಡು ಸೇನ್ ನದಿಯ ನಡುವಿನಿಂದಲೇ ದಡಗಳನ್ನು ಬಿಡಿಸುತ್ತಿದ್ದರು. ಈ ಶೈಲಿಯನ್ನು ಕಲಿಯಲು ನದಿದಂಡೆಗಿಂತ ಒಳ್ಳೆಯ ವಸ್ತು ಇಲ್ಲವೆಂದು ನಾನು ಹೇಳುವುದಕ್ಕೆ ಇತಿಹಾಸವೂ ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ನೀರಿನ ಸ್ವಭಾವದಲ್ಲಿದೆ. ನೀರಿಗೆ ತನ್ನದೇ ಆದ ಬಣ್ಣ ಬಹಳ ಕಡಿಮೆ. ಅದನ್ನು ಬಿಡಿಸಬೇಕಾದರೆ ಬೆಳಕನ್ನು ನೋಡಲೇಬೇಕು.

ಆ ಚಿತ್ರಗಳನ್ನು ನೋಡಿ ಕಲಿಯಲು ಹೊರಡುವವರ ಕಣ್ಣಿಗೆ ಮೊದಲು ಬೀಳುವುದು ಕುಂಚದ ಗುರುತುಗಳು. ಹೀಗಾಗಿ ತುಂಡು ತುಂಡಾಗಿ, ಚುಕ್ಕೆ ಚುಕ್ಕೆಯಾಗಿ ಉಜ್ವಲ ಬಣ್ಣವನ್ನು ಹಚ್ಚಿದರೆ ಶೈಲಿ ತಾನಾಗಿ ಕೈಗೂಡುತ್ತದೆ ಎಂದು ಅನೇಕರು ನಂಬುತ್ತಾರೆ. ಹಾಗೆ ಮಾಡಿದಾಗ ಕ್ಯಾನ್ವಾಸಿನ ತುಂಬ ಗುರುತುಗಳು ಗಿಜಿಗುಡುತ್ತವೆ, ಬೆಳಕು ಮಾತ್ರ ಎಲ್ಲಿಯೂ ಮೂಡುವುದಿಲ್ಲ. ಮೊನೆ ಮತ್ತು ಅದೇ ಬಳಗದ ಸಿಸ್ಲೆ, ಪಿಸಾರೊ ಅವರ ನದಿಚಿತ್ರಗಳನ್ನು ಕಣ್ಣು ಕಿರಿದುಗೊಳಿಸಿ ನೋಡಿದರೆ, ಅಷ್ಟೂ ಗುರುತುಗಳು ಒಟ್ಟುಗೂಡಿ ಕೆಲವೇ ದೊಡ್ಡ ತಿಳಿ ಮತ್ತು ಗಾಢ ಪ್ರದೇಶಗಳಾಗಿ ನಿಲ್ಲುವುದು ಕಾಣುತ್ತದೆ. ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬ ಮಟ್ಟವನ್ನು ಇಲ್ಲಿ ಟೋನ್ ಎಂದು ಕರೆದಿದ್ದೇನೆ. ಟೋನ್ ಬಿಗಿಯಾಗಿದ್ದರೆ ಮಾತ್ರ ಬಣ್ಣವೂ ಕುಂಚವೂ ಸಡಿಲವಾಗಿ ಓಡಾಡಬಲ್ಲವು. ಮುಂದಿನ ಎಲ್ಲ ಹಂತಗಳೂ ಈ ಮಾತನ್ನು ಆಧರಿಸಿವೆ.

ಸಾಮಗ್ರಿಗಳು

ಈ ಶೈಲಿಗೆ ಹೆಚ್ಚು ಹೊಂದುವ ಮಾಧ್ಯಮ ತೈಲವರ್ಣ. ಅದು ನಿಧಾನವಾಗಿ ಒಣಗುವುದರಿಂದ ಹಸಿ ಬಣ್ಣದ ಮೇಲೆ ಹಸಿ ಬಣ್ಣವನ್ನು ಇಡಬಹುದು, ಸರಿಬಾರದ್ದನ್ನು ಬಣ್ಣ ಬೆರೆಸುವ ಮೊಂಡು ಅಲಗಾದ ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆಯಬಹುದು, ದಪ್ಪವಾಗಿ ಇಟ್ಟಲ್ಲಿ ಕುಂಚದ ಕೂದಲಿನ ಗೆರೆಗಳು ಹಾಗೆಯೇ ಉಳಿಯುತ್ತವೆ. ಅಕ್ರಿಲಿಕ್ ಬಳಸುವವರು ಒಣಗುವುದನ್ನು ತಡಮಾಡುವ ರಿಟಾರ್ಡರ್ ಬೆರೆಸಿಕೊಳ್ಳಬೇಕು. ಒಣಗಿದ ಮೇಲೆ ಅಕ್ರಿಲಿಕ್ ತುಸು ಗಾಢವಾಗುತ್ತದೆ ಎಂಬುದನ್ನೂ ಬಣ್ಣ ಬೆರೆಸುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಣ್ಣಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. 1905ರಲ್ಲಿ ಬರೆದ ಪತ್ರವೊಂದರಲ್ಲಿ ಮೊನೆ ತಾವು ಬಳಸುವ ಬಣ್ಣಗಳನ್ನು ಹೆಸರಿಸಿದ್ದಾರೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ ಮತ್ತು ಇಂದು ವಿರಿಡಿಯನ್ ಎಂದು ಕರೆಯುವ ಹಸಿರು. ಕಪ್ಪು ಆ ಪಟ್ಟಿಯಲ್ಲಿಲ್ಲ. ಸೀಸ ಮತ್ತು ಪಾದರಸದಿಂದ ತಯಾರಾದ ಬಣ್ಣಗಳು ವಿಷಕಾರಿಯಾದುದರಿಂದ ಇಂದು ಕಲಿಯುವವರು ಅವುಗಳ ಬದಲಿಗೆ ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೊ ಲೈಟ್, ಕ್ಯಾಡ್ಮಿಯಂ ರೆಡ್, ಪರ್ಮನೆಂಟ್ ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಕೋಬಾಲ್ಟ್ ಬ್ಲೂ ಮತ್ತು ವಿರಿಡಿಯನ್ ಇಟ್ಟುಕೊಂಡರೆ ನದಿದಂಡೆಯ ಬಹುತೇಕ ಎಲ್ಲ ಬಣ್ಣಗಳನ್ನೂ ಬೆರೆಸಬಹುದು. ಮಣ್ಣು, ಒಣಹುಲ್ಲು, ಕಲ್ಲುಗಳಿಗೆ ಯೆಲ್ಲೊ ಓಕರ್ ಜೊತೆಗಿದ್ದರೆ ಅನುಕೂಲ. ಗಾಢವಾದ ಕಡುಬಣ್ಣ ಬೇಕಾದಲ್ಲಿ ವಿರಿಡಿಯನ್ನಿಗೆ ಅಲಿಜರಿನ್ ಬೆರೆಸಿ; ಟ್ಯೂಬಿನ ಕಪ್ಪಿಗಿಂತ ಜೀವಂತವಾದ, ಹಸಿರಿನ ಕಡೆಗಾಗಲಿ ಕೆಂಪಿನ ಕಡೆಗಾಗಲಿ ವಾಲಿಸಬಹುದಾದ ಕಡುಬಣ್ಣ ಸಿಗುತ್ತದೆ. ಕ್ಯಾಡ್ಮಿಯಂ ಬಣ್ಣಗಳು ಬಾಯಿಗೆ ಹೋಗದಂತೆ ಎಚ್ಚರ ವಹಿಸಬೇಕು. ಒಣಗಿದ ಪದರವನ್ನು ಉಜ್ಜಿ ಪುಡಿ ಎಬ್ಬಿಸಬಾರದು.

ಕುಂಚಗಳು ಗಟ್ಟಿಯಾದ ಹಂದಿಗೂದಲಿನವಾಗಿರಲಿ, ಚಪ್ಪಟೆಯಾಗಿರಲಿ. 4, 8 ಮತ್ತು 12ನೇ ಸಂಖ್ಯೆಯ ಮೂರು ಸಾಕು. ಬಿಸಿಲು ಮತ್ತು ನೆರಳಿನ ಬಣ್ಣಗಳು ಬೆರೆತು ಕೆಡದಂತೆ ಪ್ರತಿಯೊಂದರಲ್ಲೂ ಎರಡೆರಡು ಇದ್ದರೆ ಇನ್ನೂ ಉತ್ತಮ. ಚಪ್ಪಟೆ ಕುಂಚದ ಅಗಲವಾದ ಬದಿಯಿಂದ ಇಟ್ಟಿಗೆಯಾಕಾರದ ಪಟ್ಟಿಯನ್ನೂ ಅಂಚಿನಿಂದ ಸಣ್ಣ ಗೆರೆಯನ್ನೂ ಎಳೆಯಬಹುದು. ಸಣ್ಣ ದುಂಡು ಕುಂಚವನ್ನು ಆರಂಭದಲ್ಲಿ ಹತ್ತಿರ ಇಟ್ಟುಕೊಳ್ಳದಿರುವುದೇ ಲೇಸು. ಅದು ಕೈಯಲ್ಲಿದ್ದರೆ ಎಲೆಗಳನ್ನು ಎಣಿಸುವ ಆಸೆ ಹುಟ್ಟುತ್ತದೆ.

ಕ್ಯಾನ್ವಾಸ್ ಅಥವಾ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಹಚ್ಚಿದ ಹಲಗೆ 30×40 ಸೆಂಟಿಮೀಟರ್ ಗಾತ್ರದ್ದಾಗಿರಲಿ. ಇದಕ್ಕಿಂತ ದೊಡ್ಡದಾದರೆ ಬೆಳಕು ಬದಲಾಗುವ ಮೊದಲು ತುಂಬಿಸಲಾಗದು, ತೀರಾ ಚಿಕ್ಕದಾದರೆ ಕೈ ಬೀಸಲಾಗದು. ಹಿಂದಿನ ಪೀಳಿಗೆಯ ಅನೇಕ ಚಿತ್ರಕಾರರು ಗಾಢ ಕಂದು ತಳದ ಮೇಲೆ ಕೆಲಸ ಆರಂಭಿಸುತ್ತಿದ್ದರು. ಇಂಪ್ರೆಷನಿಸ್ಟರು ಹೆಚ್ಚಾಗಿ ಬಿಳಿ, ಕೆನೆ ಅಥವಾ ತಿಳಿಬೂದಿಯ ತಳವನ್ನು ಆರಿಸಿಕೊಂಡರು. ನಿಮ್ಮ ಕ್ಯಾನ್ವಾಸಿಗೆ ಹಿಂದಿನ ದಿನವೇ ತೆಳುವಾದ ತಿಳಿಬೂದು ಅಥವಾ ತಿಳಿ ಓಕರ್ ಅಕ್ರಿಲಿಕ್ ಬಣ್ಣವನ್ನು ಬಳಿದು ಒಣಗಿಸಿಡಿ. ಅಪ್ಪಟ ಬಿಳಿ ತಳದ ಮೇಲೆ ಮೊದಲಿಡುವ ಪ್ರತಿಯೊಂದು ಬಣ್ಣವೂ ಇರುವುದಕ್ಕಿಂತ ಗಾಢವಾಗಿ ತೋರುವುದರಿಂದ, ಟೋನನ್ನು ಅಳೆಯುವುದು ಹೊಸಬರಿಗೆ ಕಷ್ಟವಾಗುತ್ತದೆ.

ಸ್ಥಳ ಮತ್ತು ಹೊತ್ತು

ನೆತ್ತಿಯ ಮೇಲಿನ ಬಿಸಿಲಿನಲ್ಲಿ ನೆರಳುಗಳು ಮರಗಳ ಬುಡಕ್ಕೆ ಸೇರಿಕೊಂಡು ದೃಶ್ಯವು ಚಪ್ಪಟೆಯಾಗುತ್ತದೆ. ಸೂರ್ಯೋದಯದ ನಂತರದ ಮೊದಲ ಎರಡು ಮೂರು ಗಂಟೆಗಳು ಮತ್ತು ಸೂರ್ಯಾಸ್ತದ ಮುಂಚಿನ ಎರಡು ಗಂಟೆಗಳು ಉತ್ತಮ. ಮೋಡ ಕವಿದ ದಿನವನ್ನು ಕಡೆಗಣಿಸಬೇಡಿ. ಆ ದಿನಗಳಲ್ಲಿ ಬೆಳಕು ಗಂಟೆಗಟ್ಟಲೆ ಒಂದೇ ರೀತಿ ನಿಲ್ಲುವುದರಿಂದ ಆರಂಭಿಕ ಅಭ್ಯಾಸಕ್ಕೆ ಅದು ವರವೇ ಸರಿ. ಆಲ್ಫ್ರೆಡ್ ಸಿಸ್ಲೆ 1876ರಲ್ಲಿ ಪೋರ್ಟ್-ಮಾರ್ಲಿಯ ನೆರೆಯನ್ನು ಬಿಡಿಸಿದ ಚಿತ್ರಗಳಲ್ಲಿ ಮೋಡ ತುಂಬಿದ ಆಕಾಶ ಮತ್ತು ಅದನ್ನು ಹೊತ್ತ ನೀರು ಎಷ್ಟು ಬಗೆಯ ಬೂದುಬಣ್ಣಗಳಲ್ಲಿ ಬೆಳಗುತ್ತವೆ ಎಂಬುದನ್ನು ನೋಡಬಹುದು.

ಕ್ಯಾನ್ವಾಸೂ ಪ್ಯಾಲೆಟ್ಟೂ ಎರಡೂ ನೆರಳಿನಲ್ಲಿರಬೇಕು. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬಿದ್ದರೆ ಬಣ್ಣಗಳು ಅತಿಯಾಗಿ ಬೆಳಗಿ ಕಾಣುತ್ತವೆ, ಅದಕ್ಕೆ ಸರಿಯಾಗಿ ನಾವು ಬಣ್ಣವನ್ನು ಗಾಢವಾಗಿಸುತ್ತ ಹೋಗುತ್ತೇವೆ, ಮನೆಯೊಳಗೆ ತಂದು ನೋಡಿದಾಗ ಇಡೀ ಚಿತ್ರ ಮಂಕಾಗಿರುತ್ತದೆ. ಕೊಡೆ ಬಳಸುವುದಾದರೆ ಬಿಳಿ, ಬೂದು ಅಥವಾ ಕಪ್ಪು ಕೊಡೆಯಿರಲಿ. ಬಣ್ಣದ ಕೊಡೆಯ ಛಾಯೆಯು ಕ್ಯಾನ್ವಾಸಿನ ಮೇಲೆ ಬೀಳುತ್ತದೆ. ಹೊರಗೆ ಹೋಗಲು ಆಗದವರು ತಾವೇ ತೆಗೆದ ಛಾಯಾಚಿತ್ರದಿಂದ ಕೆಲಸ ಮಾಡಬಹುದು. ಆದರೆ ಕ್ಯಾಮೆರಾ ನೆರಳುಗಳನ್ನು ಕಪ್ಪಾಗಿಸುತ್ತದೆ, ಆಕಾಶವನ್ನು ಬೆಳ್ಳಗಾಗಿಸುತ್ತದೆ. ಆದುದರಿಂದ ಸ್ಥಳದಲ್ಲಿ ನಿಂತು ನೆರಳಿನೊಳಗೆ ಯಾವ ಬಣ್ಣ ಕಂಡಿತು, ಆಕಾಶಕ್ಕಿಂತ ನೀರು ಎಷ್ಟು ಗಾಢವಾಗಿತ್ತು ಎಂಬುದನ್ನು ಪದಗಳಲ್ಲಿ ಬರೆದುಕೊಂಡು ಬನ್ನಿ.

ಬಣ್ಣಕ್ಕೆ ಮೊದಲು ಹತ್ತು ನಿಮಿಷದ ಟೋನ್ ಚಿತ್ರ

ಅಂಗೈಯಗಲದ ನಾಲ್ಕು ಚೌಕಟ್ಟುಗಳನ್ನು ನೋಟ್‌ಬುಕ್ಕಿನಲ್ಲಿ ಎಳೆದುಕೊಳ್ಳಿ. ಕಣ್ಣನ್ನು ಅರೆಮುಚ್ಚಿ, ವಿವರಗಳು ಮಸುಕಾಗುವವರೆಗೆ ಕಿರಿದುಗೊಳಿಸಿ, ಕಾಣುವ ದೃಶ್ಯವನ್ನು ಮೆತ್ತನೆಯ ಪೆನ್ಸಿಲಿನಿಂದ ನಾಲ್ಕು ಟೋನ್‌ಗಳಲ್ಲಿ ಮಾತ್ರ ತುಂಬಿ: ಅತಿ ತಿಳಿ, ಮಧ್ಯಮ ತಿಳಿ, ಮಧ್ಯಮ ಗಾಢ, ಅತಿ ಗಾಢ. ಸಾಮಾನ್ಯವಾಗಿ ಆಕಾಶ ಅತ್ಯಂತ ತಿಳಿಯಾಗಿರುತ್ತದೆ, ಬಿಸಿಲು ಬಿದ್ದ ಸಮತಟ್ಟು ನೆಲ ಅದರ ನಂತರ, ಇಳಿಜಾರು ಮುಂದಿನದು, ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ನೀರು ಈ ಅನುಕ್ರಮದಲ್ಲಿ ಎಲ್ಲಿಗೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದೇ ಈ ಹಂತದ ಮುಖ್ಯ ಕೆಲಸ. ಆಕಾಶವನ್ನು ಪ್ರತಿಫಲಿಸುವ ಭಾಗವು ಆಕಾಶಕ್ಕಿಂತ ತುಸು ಗಾಢವಾಗಿರುತ್ತದೆ. ಮರಗಳನ್ನು ಪ್ರತಿಫಲಿಸುವ ಭಾಗವು ಗಾಢ ಗುಂಪಿಗೆ ಸೇರುತ್ತದೆ.

ಚೌಕಟ್ಟಿನ ಆಯ್ಕೆಯನ್ನೂ ಇಲ್ಲಿಯೇ ಮುಗಿಸಿ. ದಿಗಂತದ ರೇಖೆಯನ್ನು ನಟ್ಟನಡುವೆ ಇಡಬೇಡಿ. ನೀರೇ ಮುಖ್ಯವಾದರೆ ಮೇಲಿನ ಮೂರನೇ ಒಂದು ಭಾಗಕ್ಕೆ, ಆಕಾಶ ಮುಖ್ಯವಾದರೆ ಕೆಳಗಿನ ಮೂರನೇ ಒಂದು ಭಾಗಕ್ಕೆ ಒಯ್ಯಿರಿ. ದಡದ ರೇಖೆಯು ಕ್ಯಾನ್ವಾಸಿನ ಮೂಲೆಯಿಂದ ನೇರವಾಗಿ ಹೊರಟರೆ ನೋಡುವವರ ಕಣ್ಣು ಆ ಮೂಲೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದನ್ನು ತುಸು ಪಕ್ಕಕ್ಕೆ ಸರಿಸಿ. ಮರಗಳ ಗುಂಪೊಂದು ದೊಡ್ಡದಾಗಿದ್ದರೆ ಎದುರು ದಡದ್ದು ಚಿಕ್ಕದಾಗಿರಲಿ. ಇರುವ ಮರವೊಂದನ್ನು ಬಿಡುವುದಕ್ಕೂ ದೋಣಿಯೊಂದನ್ನು ಈಚೆಗೆ ಸರಿಸುವುದಕ್ಕೂ ನಿಮಗೆ ಪೂರ್ಣ ಅಧಿಕಾರವಿದೆ. ಬೆಳಕಿನ ದಿಕ್ಕನ್ನು ಮಾತ್ರ ಬದಲಿಸುವಂತಿಲ್ಲ.

ರೇಖೆಗಳು ಮತ್ತು ಮೊದಲ ಪದರ

ಅಲ್ಟ್ರಾಮರೀನ್ ನೀಲಿಗೆ ಹೆಚ್ಚು ಟರ್ಪೆಂಟೈನ್ ಅಥವಾ ವಾಸನೆರಹಿತ ಸಾಲ್ವೆಂಟ್ ಬೆರೆಸಿ ತೆಳುವಾಗಿಸಿ, ಕುಂಚದಿಂದಲೇ ಐದಾರು ಮುಖ್ಯ ರೇಖೆಗಳನ್ನು ಎಳೆಯಿರಿ: ದಿಗಂತ, ಆಚೆ ದಡ, ಈಚೆ ದಡ, ಮರಗಳ ಗುಂಪಿನ ಹೊರರೇಖೆ, ನೆರಳಿನ ಗಡಿ. ಈ ಹಂತದಲ್ಲಿ ಒಂದು ತಪ್ಪು ನುಸುಳಿದರೆ ಮುಂದೆ ಎಷ್ಟು ಬಣ್ಣ ಹಚ್ಚಿದರೂ ಅದನ್ನು ಮುಚ್ಚಲಾಗದು: ನದಿಯ ತಿರುವನ್ನು ಮೇಲಿನಿಂದ ನೋಡಿದಂತೆ ಎಳೆಯುವುದು. ನೀರು ಸಮತಟ್ಟಾದ ಮೇಲ್ಮೈಯಾದುದರಿಂದ, ದೂರ ಹೋದಂತೆಲ್ಲ ದಡದ ತಿರುವುಗಳು ಬಹಳ ಚಪ್ಪಟೆಯಾಗಿ, ಬಹುತೇಕ ಅಡ್ಡಗೆರೆಗಳಾಗಿ ಕಾಣುತ್ತವೆ. ಅವುಗಳನ್ನು ಅಗಲವಾದ ಸುತ್ತುಗಳಾಗಿ ಎಳೆದರೆ ನದಿಯು ಗುಡ್ಡ ಹತ್ತುತ್ತಿರುವಂತೆ ತೋರುತ್ತದೆ. ಕುಂಚದ ಹಿಡಿಯನ್ನು ದಿಗಂತಕ್ಕೆ ಸಮಾನಾಂತರವಾಗಿ ಎದುರಿಗೆ ಹಿಡಿದು, ದೂರದ ದಡ ಅದರಿಂದ ಎಷ್ಟು ಓರೆಯಾಗಿದೆ ಎಂದು ಅಳೆದು ನೋಡಿ. ಊಹಿಸಿದ್ದಕ್ಕಿಂತ ಬಹಳ ಕಡಿಮೆ ಓರೆಯಿರುತ್ತದೆ.

ನೆರಳುಗಳ ಆಕಾರವನ್ನು ಈಗಲೇ ಗುರುತಿಸಿ, ಅನಂತರ ಅದನ್ನು ಬದಲಿಸದಿರಿ. ಎರಡು ಗಂಟೆಯ ಅವಧಿಯಲ್ಲಿ ನೆರಳು ಗಣನೀಯವಾಗಿ ಸರಿಯುತ್ತದೆ. ಅದರ ಬೆನ್ನು ಹತ್ತಿ ತಿದ್ದುತ್ತ ಹೋದರೆ ಚಿತ್ರದಲ್ಲಿ ಎರಡು ಮೂರು ಹೊತ್ತಿನ ಬೆಳಕು ಬೆರೆತು, ಯಾವ ಹೊತ್ತಿನದೂ ಅಲ್ಲದ ಚಿತ್ರವಾಗುತ್ತದೆ.

ಮೊದಲ ಪದರವನ್ನು 12ನೇ ಸಂಖ್ಯೆಯ ಕುಂಚದಿಂದ ತೆಳುವಾಗಿ ಹಚ್ಚಿ. ಪ್ರತಿಯೊಂದು ದೊಡ್ಡ ಪ್ರದೇಶಕ್ಕೂ ಅದರ ಸರಾಸರಿ ಬಣ್ಣ ಒಂದೇ ಸಾಕು: ಆಕಾಶಕ್ಕೆ ಒಂದು, ದೂರದ ಮರಗಳಿಗೆ ಒಂದು, ಹತ್ತಿರದ ಮರಗಳ ನೆರಳು ಭಾಗಕ್ಕೆ ಒಂದು, ಅವುಗಳ ಪ್ರತಿಬಿಂಬಕ್ಕೆ ಒಂದು, ಆಕಾಶ ಬಿದ್ದ ನೀರಿಗೆ ಒಂದು, ದಡಕ್ಕೆ ಒಂದು. ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಇಡೀ ಕ್ಯಾನ್ವಾಸ್ ಮುಚ್ಚಿರಬೇಕು. ಒಂದು ಮೂಲೆಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುವ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು, ಏಕೆಂದರೆ ಯಾವ ಬಣ್ಣವೂ ಒಂಟಿಯಾಗಿ ಸರಿಯೆಂದೋ ತಪ್ಪೆಂದೋ ಹೇಳಲಾಗದು. ಪಕ್ಕದ ಬಣ್ಣ ಬಂದ ಮೇಲೆಯೇ ಅದು ನಿರ್ಧಾರವಾಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೆನ್ ಶೆವ್ರಲ್ 1839ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಕಪಕ್ಕದ ಬಣ್ಣಗಳು ಕಣ್ಣಿನಲ್ಲಿ ಒಂದನ್ನೊಂದು ಹೇಗೆ ಮಾರ್ಪಡಿಸುತ್ತವೆ ಎಂಬುದನ್ನು ವಿವರಿಸಿದ್ದರು. ಆ ಶತಮಾನದ ಚಿತ್ರಕಾರರಿಗೆ ಅದು ದೊಡ್ಡ ಬೆಂಬಲವಾಯಿತು.

ಪದರ ಹಚ್ಚಿದ ಮೇಲೆ ಮೂರು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದುಗೊಳಿಸಿ, ಟೋನ್ ಚಿತ್ರದೊಂದಿಗೆ ಹೋಲಿಸಿ. ಹೊಂದದಿದ್ದರೆ ಮುಂದುವರಿಯದೆ ಇಲ್ಲಿಯೇ ತಿದ್ದಿ.

ಆಕಾಶ ಮತ್ತು ಮರಗಳು

ಆಕಾಶವು ನೆತ್ತಿಯ ಕಡೆಗೆ ಹೆಚ್ಚು ನೀಲಿಯಾಗಿಯೂ ಗಾಢವಾಗಿಯೂ ಇರುತ್ತದೆ, ದಿಗಂತದ ಕಡೆಗೆ ತಿಳಿಯಾಗಿ, ಬೆಚ್ಚಗಿನ (ಹಳದಿ, ಕೆಂಪಿನ ಕಡೆಯ) ಛಾಯೆಗೆ ತಿರುಗುತ್ತದೆ. ಮೇಲ್ಭಾಗಕ್ಕೆ ಕೋಬಾಲ್ಟ್ ನೀಲಿ ಮತ್ತು ಬಿಳಿ, ಕೆಳಗೆ ಬಂದಂತೆ ಬಿಳಿಗೆ ಕಿಂಚಿತ್ ಹಳದಿ ಅಥವಾ ಅಲಿಜರಿನ್ ಸೇರಿಸಿ. ಕುಂಚವನ್ನು ನಾನಾ ದಿಕ್ಕಿಗೆ ಬೀಸಿ, ಹೊಡೆತಗಳನ್ನು ಒಂದರೊಳಗೊಂದು ಉಜ್ಜಿ ನುಣುಪು ಮಾಡದೆ ಹಾಗೆಯೇ ಬಿಡಿ.

ದೂರದ ಮರಗಳು ನೀಲಿಗೆ ವಾಲುತ್ತವೆ; ಅವುಗಳ ಗಾಢ ಭಾಗ ತಿಳಿಯಾಗುತ್ತದೆ, ತಿಳಿ ಭಾಗ ಮಂಕಾಗುತ್ತದೆ, ಅಂಚುಗಳು ಆಕಾಶದೊಳಗೆ ಕರಗುತ್ತವೆ. ಆಕಾಶದ ಬಣ್ಣ ಹಸಿಯಿರುವಾಗಲೇ ದೂರದ ಮರಗಳ ಮೇಲಂಚನ್ನು ಇಟ್ಟರೆ ಈ ಕರಗುವಿಕೆ ತಾನಾಗಿ ಒದಗುತ್ತದೆ.

ಹತ್ತಿರದ ಮರಗಳಲ್ಲಿ ಹಸಿರಿನದೇ ಸಮಸ್ಯೆ. ವಿರಿಡಿಯನ್ನನ್ನು ಟ್ಯೂಬಿನಿಂದ ನೇರವಾಗಿ ಬಳಸಿದರೆ ಪ್ಲಾಸ್ಟಿಕ್ಕಿನ ಹಸಿರು ಕಾಣುತ್ತದೆ. ಬಿಸಿಲು ಬಿದ್ದ ಎಲೆಗಳಿಗೆ ಕ್ಯಾಡ್ಮಿಯಂ ಹಳದಿಗೆ ಸ್ವಲ್ಪ ವಿರಿಡಿಯನ್ ಸೇರಿಸಿ, ಅದರ ತೀಕ್ಷ್ಣತೆಯನ್ನು ಕ್ಯಾಡ್ಮಿಯಂ ಕೆಂಪಿನ ಒಂದು ಸ್ಪರ್ಶದಿಂದ ಇಳಿಸಿ. ನೆರಳಿನ ಎಲೆಗಳಿಗೆ ಅಲ್ಟ್ರಾಮರೀನ್ ಮತ್ತು ಹಳದಿಯ ಮಿಶ್ರಣಕ್ಕೆ ಅಲಿಜರಿನ್ ಬೆರೆಸಿ. ನೆರಳಿನಲ್ಲಿ ಆಕಾಶದ ನೀಲಿಯೂ ಸೇರಿರುವುದರಿಂದ ಅಲ್ಲಲ್ಲಿ ನೇರಳೆ ಬಣ್ಣದ ಹೊಡೆತಗಳನ್ನು ಇಟ್ಟರೆ ಬಿಸಿಲಿನ ಹಳದಿ ಹೆಚ್ಚು ಬೆಳಗುತ್ತದೆ. ಎಲೆಗಳನ್ನು ಒಂದೊಂದಾಗಿ ಬಿಡಿಸಬೇಡಿ. ಬೆಳಕು ಬಿದ್ದ ಗುಂಪು, ನೆರಳಿನ ಗುಂಪು, ಅವುಗಳ ನಡುವೆ ಆಕಾಶ ಇಣುಕುವ ಕೆಲವು ಕಿಂಡಿಗಳು, ಇಷ್ಟೇ ಸಾಕು. ಕಿಂಡಿಗಳಲ್ಲಿ ಕಾಣುವ ಆಕಾಶವನ್ನು ತೆರೆದ ಆಕಾಶಕ್ಕಿಂತ ಒಂದು ಮಟ್ಟ ಗಾಢವಾಗಿಡಿ, ಇಲ್ಲದಿದ್ದರೆ ಅವು ಎಲೆಗಳ ಮೇಲೆ ಅಂಟಿಸಿದ ಚುಕ್ಕೆಗಳಂತೆ ಮುಂದಕ್ಕೆ ಎದ್ದು ಬರುತ್ತವೆ.

ನೀರು

ಇಲ್ಲಿ ನಿಧಾನಿಸಬೇಕು. ನೀರಿನ ಚಿತ್ರದಲ್ಲಿ ಎಡವುವವರೆಲ್ಲರೂ ನೀಲಿ ಬಣ್ಣದಿಂದ ಆರಂಭಿಸುತ್ತಾರೆ, ಏಕೆಂದರೆ ನೀರು ನೀಲಿ ಎಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಜಿವೆರ್ನಿ ಎಂಬ ಹಳ್ಳಿಯಲ್ಲಿ ಮೊನೆಯವರ ನೆರೆಯಲ್ಲಿದ್ದ ಅಮೆರಿಕದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರ್ರಿ, ಮೊನೆ ನೀಡಿದ ಸಲಹೆಯೊಂದನ್ನು ನೆನಪಿಸಿಕೊಂಡಿದ್ದಾರೆ: ಎದುರಿಗಿರುವುದು ಮರವೋ ಮನೆಯೋ ಎಂಬುದನ್ನು ಮರೆತು, ಇಲ್ಲಿ ಒಂದು ನೀಲಿ ಚೌಕ, ಅಲ್ಲಿ ಒಂದು ಗುಲಾಬಿ ಪಟ್ಟಿ ಎಂದಷ್ಟೇ ನೋಡಬೇಕು. ಈ ಸಲಹೆ ನೀರಿಗೆ ಅನ್ವಯವಾಗುವಷ್ಟು ಬೇರೆ ಯಾವುದಕ್ಕೂ ಆಗದು. ಆದರೂ ನೋಡುವ ಕಣ್ಣಿಗೆ ನೀರಿನ ಕೆಲವು ನಿಯಮಗಳು ತಿಳಿದಿದ್ದರೆ ದಾರಿ ಸುಗಮವಾಗುತ್ತದೆ.

ಪ್ರತಿಬಿಂಬವು ಯಾವಾಗಲೂ ವಸ್ತುವಿನ ನೇರ ಕೆಳಗೆ ಬೀಳುತ್ತದೆ; ಬಿಸಿಲಿನ ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನೆರಳು ಬಿಸಿಲಿಗೆ ಎದುರಾಗಿ ಓರೆಯಾಗಿ ಚಾಚಬಹುದು, ಪ್ರತಿಬಿಂಬ ಹಾಗೆ ಚಾಚದು. ಎಡಕ್ಕೆ ವಾಲಿದ ಕಂಬದ ಪ್ರತಿಬಿಂಬವೂ ಎಡಕ್ಕೇ ವಾಲುತ್ತದೆ. ದಡದಿಂದ ಹಿಂದಕ್ಕೆ ನಿಂತ ಮರದ ಬುಡಭಾಗವನ್ನು ದಡವೇ ಮರೆಮಾಡುವುದರಿಂದ ನೀರಿನಲ್ಲಿ ಅದರ ಮೇಲ್ಭಾಗ ಮಾತ್ರ ಕಾಣುತ್ತದೆ. ಸೇತುವೆಯ ಪ್ರತಿಬಿಂಬದಲ್ಲಿ, ನಾವು ನಿಂತಲ್ಲಿಂದ ಕಾಣದ ಕಮಾನಿನ ಒಳಮೈ ಹೆಚ್ಚು ಕಾಣುತ್ತದೆ, ಏಕೆಂದರೆ ಪ್ರತಿಬಿಂಬವು ದೃಶ್ಯವನ್ನು ನೀರಿನ ಕೆಳಗಿನಿಂದ ನೋಡಿದಂತೆ ತೋರಿಸುತ್ತದೆ. ಹೀಗಾಗಿ ಮೇಲಿನ ಚಿತ್ರವನ್ನು ಹಾಗೆಯೇ ತಲೆಕೆಳಗಾಗಿಸಿ ನಕಲು ಮಾಡಿದರೆ ಅದು ನಿಜವೆನಿಸುವುದಿಲ್ಲ.

ಟೋನಿನ ವಿಷಯದಲ್ಲಿ ನಿಯಮ ಸರಳ: ಗಾಢ ವಸ್ತುವಿನ ಪ್ರತಿಬಿಂಬ ಆ ವಸ್ತುವಿಗಿಂತ ತುಸು ತಿಳಿ, ತಿಳಿ ವಸ್ತುವಿನ ಪ್ರತಿಬಿಂಬ ತುಸು ಗಾಢ. ನೀರಿನಲ್ಲಿ ಟೋನ್‌ಗಳು ಮಧ್ಯಕ್ಕೆ ಹತ್ತಿರವಾಗುತ್ತವೆ. ದೂರದ ನೀರನ್ನು ನಾವು ಬಹಳ ಓರೆಯಾಗಿ ನೋಡುವುದರಿಂದ ಅದು ಹೆಚ್ಚಿನ ಬೆಳಕನ್ನು ಪ್ರತಿಫಲಿಸುತ್ತದೆ, ದಿಗಂತದ ಬಳಿಯ ತಿಳಿ ಆಕಾಶವನ್ನು ಹೊರುತ್ತದೆ. ಕಾಲ ಬಳಿಯ ನೀರನ್ನು ಮೇಲಿನಿಂದ ನೋಡುತ್ತೇವೆ. ಅಲ್ಲಿ ಪ್ರತಿಫಲನ ಕುಗ್ಗಿ ನೀರಿನದೇ ಹಸಿರು, ಕಂದು ಬಣ್ಣ ಅಥವಾ ತಳದ ಕಲ್ಲುಗಳು ಕಾಣತೊಡಗುತ್ತವೆ. ಆದುದರಿಂದ ನೀರನ್ನು ದೂರದಲ್ಲಿ ತಿಳಿಯಾಗಿಯೂ ಹತ್ತಿರ ಬಂದಂತೆ ಗಾಢವಾಗಿಯೂ ಬಿಡಿಸಿದರೆ ಅದು ನೆಲದಂತೆ ಹರಡಿಕೊಂಡು ಮಲಗುತ್ತದೆ.

ಈಗ ಕುಂಚ ಹಿಡಿಯುವ ಕ್ರಮ. ಮೊದಲು ಪ್ರತಿಬಿಂಬದ ಬಣ್ಣಗಳನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಎಳೆಯಿರಿ. ಮರದ ಹಸಿರು, ಕಾಂಡದ ಕಂದು, ಮನೆಯ ಗೋಡೆಯ ಬೆಳಕು ಎಲ್ಲವೂ ತಮ್ಮ ತಮ್ಮ ವಸ್ತುವಿನ ಕೆಳಗೆ ಇಳಿಯಲಿ. ಅನಂತರ 8ನೇ ಸಂಖ್ಯೆಯ ಶುಚಿಯಾದ ಕುಂಚದಲ್ಲಿ ಆಕಾಶದ ಬಣ್ಣವನ್ನು ತೆಗೆದುಕೊಂಡು, ಆ ನೆಟ್ಟನೆಯ ಬಣ್ಣವನ್ನು ಅಡ್ಡಪಟ್ಟಿಗಳಿಂದ ಅಲ್ಲಲ್ಲಿ ಕತ್ತರಿಸಿ. ಅಲೆಯೊಂದರ ನಮ್ಮ ಕಡೆಗೆ ವಾಲಿದ ಮೈಯು ಆಕಾಶದ ಎತ್ತರದ ಭಾಗವನ್ನು ತೋರಿಸುತ್ತದೆ, ಆಚೆಗೆ ವಾಲಿದ ಮೈಯು ಎದುರು ದಡವನ್ನೋ ದಿಗಂತದ ಆಕಾಶವನ್ನೋ ತೋರಿಸುತ್ತದೆ. ಅದಕ್ಕಾಗಿಯೇ ಹಸಿರು ಪ್ರತಿಬಿಂಬದ ನಡುವೆ ನೀಲಿ ಪಟ್ಟಿಗಳು ಬರುತ್ತವೆ. ದೂರದ ಪಟ್ಟಿಗಳು ಸಣ್ಣವಾಗಿ ಒತ್ತೊತ್ತಾಗಿರಲಿ, ಹತ್ತಿರ ಬಂದಂತೆ ಅಗಲವಾಗಿ ದೂರದೂರವಾಗಲಿ. ಎಲ್ಲ ಪಟ್ಟಿಗಳನ್ನೂ ಒಂದೇ ಉದ್ದಕ್ಕೆ, ಒಂದೇ ಅಂತರದಲ್ಲಿ ಇಟ್ಟರೆ ನೀರಿನ ಬದಲು ಹೆಂಚಿನ ಮಾಡು ಕಾಣುತ್ತದೆ. ಪಟ್ಟಿಗಳು ದಿಗಂತಕ್ಕೆ ಸಮಾನಾಂತರವಾಗಿರಲೇಬೇಕು, ತುಸು ಓರೆಯಾದರೂ ನೀರು ಜಾರಿಬೀಳುತ್ತದೆ.

ಗಾಳಿ ಬೀಸಿದಾಗ ನದಿಯ ನಡುವೆ ಬೆಳ್ಳನೆಯ ಅಡ್ಡಪಟ್ಟಿಯೊಂದು ಮೂಡಿ ಪ್ರತಿಬಿಂಬವನ್ನು ಥಟ್ಟನೆ ಕತ್ತರಿಸುವುದನ್ನು ಗಮನಿಸಿ. ಆ ಒಂದು ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ನೀರಿನ ಮೇಲ್ಮೈ ತಟ್ಟನೆ ಸ್ಪಷ್ಟವಾಗುತ್ತದೆ. ಅದು ಒಂದೇ ಇರಲಿ. ಬಿಸಿಲಿನ ಮಿನುಗುಗಳನ್ನು ಎಲ್ಲಕ್ಕಿಂತ ಕೊನೆಯಲ್ಲಿ, ದಪ್ಪ ಬಣ್ಣದಲ್ಲಿ, ಕೈ ಬೆರಳುಗಳಲ್ಲಿ ಎಣಿಸುವಷ್ಟು ಮಾತ್ರ ಇಡಿ. ಅಪ್ಪಟ ಬಿಳಿಯ ಬದಲು ಕೊಂಚ ಹಳದಿ ಬೆರೆತ ಬಿಳಿ ಹೆಚ್ಚು ಬೆಳಗುತ್ತದೆ. ಸೂರ್ಯ ಎದುರಿಗಿದ್ದರೆ ಈ ಮಿನುಗುಗಳು ಸೂರ್ಯನ ಕೆಳಗಿನಿಂದ ನೇರ ನಮ್ಮ ಕಡೆಗೆ ಬರುವ ಹಾದಿಯಾಗಿ ಸಾಲುಗಟ್ಟುತ್ತವೆ.

ಒಡೆದ ಬಣ್ಣ

ಒಂದೇ ಪ್ರದೇಶದಲ್ಲಿ ಬೇರೆ ಬೇರೆ ಬಣ್ಣಗಳನ್ನು ಬೆರೆಸದೆ ಪಕ್ಕಪಕ್ಕದಲ್ಲಿ ಇಡುವುದಕ್ಕೆ ಒಡೆದ ಬಣ್ಣ ಎನ್ನಬಹುದು. ಈ ಶೈಲಿಯ ಜೀವ ಇಲ್ಲಿದೆ, ಹಾಗೂ ಟೋನ್ ಬಿಗಿಯಾಗಿರಬೇಕೆಂದು ಮೊದಲೇ ಹೇಳಿದ್ದಕ್ಕೆ ಕಾರಣವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ನೆರಳಿನ ನೀರಿನಲ್ಲಿ ಹಸಿರು, ನೇರಳೆ, ನೀಲಿ ಮೂರನ್ನೂ ಇಡಬಹುದು, ಆದರೆ ಮೂರೂ ಒಂದೇ ಮಟ್ಟದ ಗಾಢತೆಯಲ್ಲಿರಬೇಕು. ಆಗ ಕಣ್ಣು ಅವುಗಳನ್ನು ಒಂದೇ ಪ್ರದೇಶವಾಗಿ ಗ್ರಹಿಸುತ್ತದೆ, ಆದರೂ ಆ ಪ್ರದೇಶವು ಕಂಪಿಸುತ್ತದೆ. ಒಂದು ಹೊಡೆತ ತಿಳಿಯಾಗಿ, ಇನ್ನೊಂದು ಗಾಢವಾಗಿ ಬಂದರೆ ಪ್ರದೇಶ ಒಡೆದು ಚೂರಾಗುತ್ತದೆ. ಮೊನೆ 1872ರ ದಿನಾಂಕ ಹಾಕಿದ ಲ ಆವ್ರ್ ಬಂದರಿನ ಸೂರ್ಯೋದಯದ ಚಿತ್ರದಲ್ಲಿ ಕಿತ್ತಳೆ ಸೂರ್ಯ ಉರಿಯುವಂತೆ ಕಾಣುತ್ತಾನೆ. ಅದೇ ಚಿತ್ರವನ್ನು ಕಪ್ಪು-ಬಿಳುಪಿಗೆ ಬದಲಿಸಿದರೆ ಸೂರ್ಯ ಸುತ್ತಲಿನ ಆಕಾಶದಲ್ಲಿ ಬಹುತೇಕ ಮರೆಯಾಗುತ್ತಾನೆ. ಎರಡರ ಟೋನ್ ಒಂದೇ, ವರ್ಣ ಮಾತ್ರ ಪರಸ್ಪರ ವಿರುದ್ಧ. ನಿಮ್ಮ ಚಿತ್ರವನ್ನೂ ಫೋನಿನಲ್ಲಿ ತೆಗೆದು ಬಣ್ಣ ಕಳೆದು ನೋಡಿ; ಎಲ್ಲಿ ಟೋನ್ ಜಿಗಿದಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ.

ಇದಕ್ಕಾಗಿ ಪ್ಯಾಲೆಟ್ಟಿನಲ್ಲಿಯೇ ಸಿದ್ಧತೆ ನಡೆಸಬೇಕು. ಪ್ರತಿಯೊಂದು ದೊಡ್ಡ ಪ್ರದೇಶಕ್ಕೂ ಒಂದು ಮೂಲ ಮಿಶ್ರಣವನ್ನು ನೈಫಿನಿಂದ ತಯಾರಿಸಿ, ಅದನ್ನು ಮೂರು ಗುಡ್ಡೆಗಳಾಗಿ ವಿಭಾಗಿಸಿ, ಒಂದಕ್ಕೆ ಬೆಚ್ಚಗಿನ ಬಣ್ಣ, ಒಂದಕ್ಕೆ ತಣ್ಣಗಿನ (ನೀಲಿಯ ಕಡೆಯ) ಬಣ್ಣ, ಇನ್ನೊಂದಕ್ಕೆ ಎದುರು ಬಣ್ಣದ (ಹಸಿರಿಗೆ ಕೆಂಪು, ನೀಲಿಗೆ ಕಿತ್ತಳೆ ಎಂಬಂತೆ) ಒಂದು ತುಣುಕು ಸೇರಿಸಿ, ಟೋನ್ ಬದಲಾಗಿದ್ದರೆ ಬಿಳಿಯಿಂದಲೋ ಕಡುಬಣ್ಣದಿಂದಲೋ ಸರಿದೂಗಿಸಿ. ಕುಂಚದಲ್ಲಿ ಬಣ್ಣ ತುಂಬಿ ತಂದು, ಕ್ಯಾನ್ವಾಸಿನ ಮೇಲೆ ಒಮ್ಮೆ ಇಟ್ಟು, ಕೈ ಎತ್ತಿಬಿಡಿ. ಅದೇ ಜಾಗದಲ್ಲಿ ಎರಡನೇ, ಮೂರನೇ ಸಲ ಉಜ್ಜಿದರೆ ಕೆಳಗಿನ ಹಸಿ ಬಣ್ಣ ಮೇಲಕ್ಕೆ ಬಂದು ರಾಡಿಯಾಗುತ್ತದೆ. ಎರಡು ಮೂರು ಹೊಡೆತಗಳಿಗೊಮ್ಮೆ ಕುಂಚವನ್ನು ಬಟ್ಟೆಯಲ್ಲಿ ಒರೆಸುವುದನ್ನು ರೂಢಿಸಿಕೊಳ್ಳಿ.

ಹೊಡೆತದ ದಿಕ್ಕು ವಸ್ತುವನ್ನು ಹೇಳಬೇಕು: ಹುಲ್ಲಿಗೆ ಮೇಲ್ಮುಖ, ದಡದ ಇಳಿಜಾರಿಗೆ ಇಳಿಮುಖ, ಎಲೆಗಳಿಗೆ ಚಿಕ್ಕ ಓರೆ, ನೀರಿಗೆ ಅಡ್ಡ. ಬೆಳಕಿನ ಭಾಗಗಳಲ್ಲಿ ಬಣ್ಣ ದಪ್ಪವಾಗಿರಲಿ, ನೆರಳಿನಲ್ಲಿ ತೆಳುವಾಗಿರಲಿ.

ದೋಣಿಗಳು, ಜನರು

ದೋಣಿಯಾಗಲಿ ದಡದ ಮೇಲಿನ ಜನರಾಗಲಿ ನಾಲ್ಕೈದು ಹೊಡೆತಗಳಲ್ಲಿ ಮುಗಿಯಬೇಕು. ದೋಣಿಯ ಗಾಢ ಬದಿ, ಬೆಳಕು ಬಿದ್ದ ಅಂಚು, ಕೆಳಗೆ ಅದರ ಪ್ರತಿಬಿಂಬ. ವ್ಯಕ್ತಿಗೆ ತಲೆ, ಮೈ, ನೆರಳು. ಕಣ್ಣು, ಮೂಗು ಬೇಡ. ಒಂದು ಸಣ್ಣ ಕೆಂಪು ಸೆರಗು ಅಥವಾ ದೋಣಿಯ ಕೆಂಪು ಪಟ್ಟಿ ಹಸಿರಿನ ನಡುವೆ ಇಡೀ ಚಿತ್ರವನ್ನು ಎಚ್ಚರಗೊಳಿಸುತ್ತದೆ, ಆದರೆ ಅದನ್ನು ಚಿತ್ರದ ಅಂಚಿನಲ್ಲಿ ಇಡಬಾರದು.

ನಿಲ್ಲಿಸುವುದು, ಒಣಗಿಸುವುದು

ಕೆಲಸ ಆರಂಭಿಸಿ ಎರಡು ಗಂಟೆ ಕಳೆದ ಮೇಲೆ ಬೆಳಕು ಬದಲಾಗಿರುತ್ತದೆ. ಸ್ಥಳದಲ್ಲಿ ಕೆಲಸ ನಿಲ್ಲಿಸಿ. ಮನೆಯಲ್ಲಿ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟು, ಮರುದಿನ ಹೊಸ ಕಣ್ಣಿನಿಂದ ನೋಡಿ. ಕನ್ನಡಿಯಲ್ಲಿ ತಿರುಗಿಸಿ ನೋಡಿದರೆ ವಾಲಿದ ದಿಗಂತ, ತೂಕ ತಪ್ಪಿದ ಮರ ಕೂಡಲೇ ಕಾಣುತ್ತವೆ. ತಿದ್ದಬೇಕಾದದ್ದು ಟೋನ್ ಆಗಿದ್ದರೆ ತಿದ್ದಿ. ವಿವರಗಳನ್ನು ಸೇರಿಸುವ ಆಸೆಯಾದರೆ ತಡೆದುಕೊಳ್ಳಿ.

ಒಣಗಿದ ಪದರದ ಮೇಲೆ ಕೆಲಸ ಮುಂದುವರಿಸುವುದಾದರೆ, ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆಯ ಅಂಶ ಹೆಚ್ಚಿರಬೇಕು. ಇಲ್ಲವಾದರೆ ಮುಂದೆ ಬಿರುಕು ಬಿಡುವ ಸಾಧ್ಯತೆಯಿದೆ. ದಪ್ಪ ಬಣ್ಣ ಒಳಗಿನವರೆಗೆ ಒಣಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು, ಅಂತಿಮ ವಾರ್ನಿಷ್ ಏನಿದ್ದರೂ ಅನಂತರವೇ. ಇಂಪ್ರೆಷನಿಸ್ಟರಲ್ಲಿ ಕೆಲವರು, ಮುಖ್ಯವಾಗಿ ಪಿಸಾರೊ, ಮಂಕು ಮೇಲ್ಮೈಯನ್ನೇ ಮೆಚ್ಚಿ ವಾರ್ನಿಷ್ ಬೇಡವೆಂದರು. ನೀವು ಹಚ್ಚುವುದಾದರೆ ಹೊಳಪಿಲ್ಲದ್ದನ್ನು ಆರಿಸಿ. ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬಾರದು: ಎಣ್ಣೆ ಗಾಳಿಯೊಂದಿಗೆ ವರ್ತಿಸಿ ಬಿಸಿಯಾಗಿ, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಅವನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ, ಅಥವಾ ಹೊರಗೆ ಬಿಡಿಸಿ ಹರವಿ ಪೂರ್ತಿ ಒಣಗಿಸಿ. ಸಾಲ್ವೆಂಟನ್ನು ಚರಂಡಿಗಾಗಲಿ ನದಿಗಾಗಲಿ ಸುರಿಯಬೇಡಿ. ಜಾಡಿಯಲ್ಲಿಟ್ಟರೆ ಬಣ್ಣ ತಳಕ್ಕಿಳಿದು ಮೇಲಿನದು ಮತ್ತೆ ಬಳಕೆಗೆ ಬರುತ್ತದೆ.

ಮುಂದಿನ ಅಭ್ಯಾಸ

ಮೊದಲ ಚಿತ್ರವಾದ ಮೇಲೆ ಹೊಸ ಸ್ಥಳ ಹುಡುಕಬೇಡಿ. ಮೊನೆ 1891ರಲ್ಲಿ ಎಪ್ತ್ ನದಿಯ ಪಾಪ್ಲರ್ ಮರಗಳನ್ನು, 1896–97ರಲ್ಲಿ ಸೇನ್ ನದಿಯ ಮುಂಜಾವುಗಳನ್ನು ಸರಣಿಯಾಗಿ ಬಿಡಿಸಿದರು. ಹಲವು ಕ್ಯಾನ್ವಾಸ್‌ಗಳನ್ನು ಜೊತೆಗಿಟ್ಟುಕೊಂಡು ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ನೀವೂ 20×25 ಸೆಂಟಿಮೀಟರಿನ ಮೂರು ಹಲಗೆಗಳನ್ನು ಒಯ್ದು, ಅದೇ ದಡವನ್ನು ಅದೇ ಚೌಕಟ್ಟಿನಲ್ಲಿ ಬೆಳಿಗ್ಗೆ, ಮೋಡವಿರುವಾಗ ಮತ್ತು ಸಂಜೆ ತಲಾ ನಲವತ್ತು ನಿಮಿಷದಲ್ಲಿ ಬಿಡಿಸಿ. ರೇಖೆಗಳು ಮೂರರಲ್ಲೂ ಒಂದೇ ಆಗಿರುವುದರಿಂದ ಗಮನವೆಲ್ಲ ಬೆಳಕಿಗೆ ಹೋಗುತ್ತದೆ. ಮುಗಿದ ಮೇಲೆ ಮೂರನ್ನೂ ಸಾಲಾಗಿ ನಿಲ್ಲಿಸಿ, ಆಕಾಶ ಮತ್ತು ನೀರಿನ ನಡುವಿನ ಟೋನಿನ ಅಂತರ ಒಂದೊಂದರಲ್ಲೂ ಎಷ್ಟಿದೆ ಎಂದು ಹೋಲಿಸಿ, ನಾಲ್ಕನೆಯ ಹಲಗೆಯನ್ನು ಆ ಅಂತರ ಅತ್ಯಂತ ಅಸ್ಪಷ್ಟವಾಗಿ ಬಂದಿರುವ ಹೊತ್ತಿಗೆ ಮೀಸಲಿಡಿ.